ಸೋಸಿದ ಗಂಜಿ

ಗ್ಯಾಸ್ ಸೋರಿ ಬೆಂಕಿ ಹತ್ತಿಕೊಂಡಿತು ಎಂದು ಗಂಡನ ಮನೆಯವರೆಲ್ಲ ಹೇಳಿದರು. ಮೈಯೆಲ್ಲ ಸುಟ್ಟು ಆಸ್ಪತ್ರೆಯಲ್ಲಿ ಮಲಗಿದ್ದವಳ ತಾಯಿ ಮಾತ್ರ ನಂಬಲಿಲ್ಲ. ಬಂದ ಕ್ಷಣದಿಂದ ಮಗಳ ಮಂಚದ ಪಕ್ಕ ಕಾವಲು ಕೂತಳು.

ಮಗಳ ಅತ್ತೆ ಗಂಜಿಯ ಲೋಟ ಹಿಡಿದು ಬಂದಾಗಲೆಲ್ಲ ಕೈ ಅಡ್ಡ ಹಿಡಿಯುತ್ತಿದ್ದಳು.

“ಕೊಡಿ ಇಲ್ಲಿ. ನನ್ನ ಮಗಳಿಗೆ ನಾನೇ ಹಾಕ್ತೀನಿ.”

“ಮೂಗಿನ ಪೈಪಲ್ಲಿ ನಿಧಾನಕ್ಕೆ ಬಿಡ್ಬೇಕಂತೆ, ಬೀಗ್ರೇ.”

“ನಂಗೊತ್ತು. ನೀವು ಆಚೆ ಕೂತ್ಕೊಳಿ.”

ಅದೇ ವಾರ ಮಗಳ ಹೊಟ್ಟೆ ಉಬ್ಬಿತು, ಜ್ವರ ಏರಿತು. ತಾಯಿ ಡಾಕ್ಟರ ಕೈ ಹಿಡಿದುಕೊಂಡಳು.

“ಸಾರ್, ನಾನು ಕಣ್ಣು ಮುಚ್ಚಿದ ಹೊತ್ತಲ್ಲಿ ಇವರೇ ಏನೋ ಹಾಕಿದಾರೆ. ಪೊಲೀಸರನ್ನ ಕರೆಸಿ.”

ಡಾಕ್ಟರು ಗಾಯಗಳನ್ನು ನೋಡಿದರು. “ಗಾಯದಲ್ಲಿ ನಂಜಿಲ್ಲಮ್ಮ. ಕರುಳಿನಿಂದ ರಕ್ತಕ್ಕೆ ಇಳಿದಿರೋ ಹಾಗಿದೆ. ಮೈ ಇಷ್ಟು ಸುಟ್ಟಾಗ ಕರುಳೂ ಸೊರಗುತ್ತೆ. ಅದನ್ನ ಖಾಲಿ ಬಿಟ್ರೆ ಇನ್ನೂ ಕಷ್ಟ. ಅದಕ್ಕೇ ಮೊದಲ ದಿನದಿಂದ್ಲೇ ಗಂಜಿ ಹಾಕಿ ಅಂದಿದ್ದು.”

“ಗ್ಲೂಕೋಸ್ ಹೋಗ್ತಾನೇ ಇತ್ತಲ್ಲ ಸಾರ್?”

“ಅದು ರಕ್ತಕ್ಕೆ ಹೋಗೋದು. ಕರುಳಿಗೆ ಏನು ಹೋಗುತ್ತೆ? ಗಂಜಿ ತಪ್ಪಿಸಿದ್ರಾ?”

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಒಂದ್ಸಲಾನೂ ಇಲ್ಲ ಸಾರ್. ಬಟ್ಟೆಯಲ್ಲಿ ಸೋಸಿ ಸೋಸಿ ಇವರ ಕೈಗೇ ಕೊಟ್ಟಿದೀನಿ.”

ಕೊಟ್ಟ ಅಷ್ಟೂ ಗಂಜಿಯನ್ನು ತಾಯಿ ವಿಷವೆಂದು ಮೂಲೆಯ ಬೇಸಿನ್ನಿಗೆ ಸುರಿದಿದ್ದಳು.