ಒಣ ಗಂಟು

ಅಳಿವೆಯ ಸೇತುವೆಯ ಮೇಲೆ ಕುಳಿತಿದ್ದ ತಮ್ಮನ ಗಾಳದ ಎಳೆ ಆ ಸಂಜೆ ಮತ್ತೊಮ್ಮೆ ತುಂಡಾಯಿತು. ಒಳ್ಳೆಯ ಕೆಂಬೇರಿ ಮೀನು ಕೊಕ್ಕೆಯ ಸಮೇತ ಹೋಯಿತು. ಹೆಣೆದ ದಾರ ಗಟ್ಟಿಯಾಗಿಯೇ ಇತ್ತು; ಅದರ ತುದಿಗೆ ಕಟ್ಟಿದ್ದ ನೈಲಾನ್ ಎಳೆ ಗಂಟಿನ ಬಳಿ ಕಡಿದಿತ್ತು.

ಮರುದಿನಕ್ಕೆ ಅಮ್ಮ ಸತ್ತು ವರ್ಷವಾಗುತ್ತಿತ್ತು. ಅವಳಿಗೆ ಪ್ರೀತಿಯಾದ ಆ ಮೀನನ್ನೇ ಎಡೆಗೆ ಬಡಿಸಬೇಕೆಂದು ಅವನ ಹಟ.

“ಒಣ ಗಂಟು ಬಿಗಿದ್ರೆ ನೈಲಾನ್ ಬಿಸಿಯಾಗಿ ಸುಡ್ತದೆ ಮಾರಾಯ,” ಎಂದಳು ಪಕ್ಕದಲ್ಲಿದ್ದ ಅಕ್ಕ. “ಬಾಯಲ್ಲಿಟ್ಟು ಒದ್ದೆ ಮಾಡಿ ನಿಧಾನ ಎಳಿ.”

“ಥೂ! ಅಮ್ಮನ ಎಡೆಯ ಮೀನಿಗೆ ಎಂಜಲಾ?”

ನೀರಿನ ಬಾಟಲಿ ಆಗಲೇ ಖಾಲಿಯಾಗಿತ್ತು; ಸೇತುವೆಯ ಮೇಲಿಂದ ಹೊಳೆಯ ನೀರು ಕೈಗೆ ಎಟುಕುತ್ತಿರಲಿಲ್ಲ. ಸಮುದ್ರದ ಇಳಿತಕ್ಕೆ ಹೊಳೆಯೂ ಇಳಿಯತೊಡಗಿತ್ತು, ಇನ್ನು ಸ್ವಲ್ಪ ಹೊತ್ತಿಗೆ ಮೀನು ಸಿಗುವುದಿಲ್ಲ. ಅಕ್ಕ ತಾನೇ ದಾರ ತೆಗೆದುಕೊಂಡು ಹೊಸ ಗಂಟು ಹಾಕಿ, ನಾಲಿಗೆಗೆ ತಾಗಿಸಿ, ಬಿಗಿದು ಕೊಟ್ಟಳು. ಅವನು ಸತ್ತ ಹುಳವನ್ನು ಎತ್ತುವಂತೆ ಅದನ್ನು ಎರಡು ಬೆರಳಲ್ಲಿ ಎತ್ತಿ, ಕತ್ತರಿಸಿ ಹೊಳೆಗೆ ಎಸೆದ. ಬೆರಳನ್ನು ಪಂಚೆಗೆ ಉಜ್ಜಿ ಉಜ್ಜಿ ಒರೆಸಿಕೊಂಡ.

“ನಿಂಗೆ ಹೇಸಿಗೆ ಆಗೂದಿಲ್ವಾ ಅಕ್ಕ? ಹೆತ್ತವಳಿಗೆ ಯಾರಾದ್ರೂ ಎಂಜಲು ಬಡಿಸ್ತಾರಾ?”

ಅಕ್ಕ ಅವನ ಮುಖವನ್ನೇ ನೋಡಿದಳು.

“ಅಮ್ಮ ಇರುವಾಗ ಒಂದು ದಿನ ನಾನು ನಿನ್ನ ಮನೆಗೆ ಹೇಳದೆ ಬಂದಿದ್ದೆ. ಅವಳು ಹಿತ್ತಿಲ ಬಾಗಿಲಲ್ಲಿ ಕೂತು ಉಣ್ತಾ ಇದ್ಲು. ತಟ್ಟೆಯಲ್ಲಿ ಇದ್ದದ್ದು ನೀನು ಚೀಪಿ ಬಿಟ್ಟ ಮೀನಿನ ತಲೆ.”