ಮೇಸ್ತ್ರಿ ಒಪ್ಪದ ಡ್ರಾ

"ಚೆಕ್," ಎಂದ ಕಿವುಡ, ಎಡಗೈಯಿಂದ ರಾಣಿಯನ್ನು ಸರಿಸಿ. ಬಲಗೈ ಎಂದಿನಂತೆ ಕೋಟಿನ ಜೇಬಿನಲ್ಲಿತ್ತು. ಒಂದೇ ಕೈ ಸಾಕು ಎಂಬ ಜಂಬ ಅದು ಎಂದು ಚೆಸ್ ಕ್ಲಬ್ಬಿನವರು ಆಡಿಕೊಳ್ಳುತ್ತಿದ್ದರು.

ಎದುರಿಗೆ ಕೂತ ಮೇಸ್ತ್ರಿಯ ಹಣೆ ಬೆವರಿತ್ತು.

ಇಬ್ಬರೂ ಒಂದು ಕಾಲಕ್ಕೆ ಒಂದೇ ಅಚ್ಚುಕೂಟದಲ್ಲಿದ್ದವರು. ಅಲ್ಲೊಂದು ದಿನ ಅನಾಹುತವಾಯಿತು. "ನಾನು ಕೂಗಿದ್ದೆ, ಅವನಿಗೇ ಕೇಳಿಸಲಿಲ್ಲ" ಎಂದು ಮೇಸ್ತ್ರಿ ಮಾಲೀಕರ ಮುಂದೆ ಕೈತೊಳೆದುಕೊಂಡ. ಇವನ ಬೈಂಡಿಂಗ್ ಕೆಲಸ ಹೋಯಿತು, ಕಿವುಡ ಎಂಬ ಹೆಸರು ಅಂಟಿತು. ನಿಜಕ್ಕೆ ಪಕ್ಕದ ಕೋಣೆಯ ಗಡಿಯಾರದ ಸದ್ದೂ ಕೇಳಿಸುವ ಕಿವಿ ಇವನದು.

ಆ ಸೇಡಿಗೇ ಇವನು ಕ್ಲಬ್ಬಿಗೆ ಸೇರಿದ್ದೆಂದು ಎಲ್ಲರೂ ಬಲ್ಲರು. ಆದರೆ ಬಲ ಸಮಸಮ. ಒಂದು ಸಂಜೆ ಇವನು ಗೆದ್ದರೆ ಮರುಸಂಜೆ ಅವನು. ಡ್ರಾ ಮಾತ್ರ ಒಮ್ಮೆಯೂ ಆಗಿರಲಿಲ್ಲ. ಆಟ ಸಮಕ್ಕೆ ನಿಂತಾಗಲೆಲ್ಲ ಮೇಸ್ತ್ರಿ ಹುಂಬನಂತೆ ನುಗ್ಗುತ್ತಿದ್ದ. "ಸೋತ್ರೂ ಪರವಾಗಿಲ್ಲ, ಡ್ರಾ ನನಗಾಗಲ್ಲ." ಛಲ ಅಂದರೆ ಇದಪ್ಪಾ ಎಂದು ಜನ ತಲೆದೂಗುತ್ತಿದ್ದರು.

ಇವತ್ತು ಕಿವುಡನ ಪ್ಯಾದೆ ಇನ್ನೊಂದು ಹೆಜ್ಜೆಯಿಟ್ಟರೆ ಇನ್ನೊಂದು ರಾಣಿ. "ಮೇಸ್ತ್ರಿ ಕಥೆ ಮುಗೀತು," ಎಂದು ಹಿಂದೆ ಯಾರೋ ಪಿಸುಗುಟ್ಟಿದರು.

ಕಿವುಡ ಪ್ಯಾದೆಯನ್ನು ಮುಟ್ಟಲಿಲ್ಲ. ಮತ್ತೆ ರಾಣಿ, ಮತ್ತೆ ಚೆಕ್. ಮೇಸ್ತ್ರಿಯ ರಾಜ ಮೂಲೆಗೆ ಹೋದ, ಹಿಂದಕ್ಕೆ ಬಂದ, ಮತ್ತೆ ಮೂಲೆಗೆ ಹೋದ. ಬೇರೆ ದಾರಿಯಿರಲಿಲ್ಲ.

"ಗೆಲ್ಲೋ ಆಟ ಬಿಟ್ಟು ಇದೇನಯ್ಯಾ ಸುತ್ತಾಡಿಸ್ತೀಯಾ?" ಎಂದ ಮೇಸ್ತ್ರಿ.

"ಕಿವುಡ ನಾನು. ಕೇಳಿಸ್ಲಿಲ್ಲ."

ಮೂರನೇ ಸಲವೂ ಅದೇ ಸ್ಥಿತಿ. ಕ್ಲಬ್ಬಿನ ಅಧ್ಯಕ್ಷರು ಆಟ ನಿಲ್ಲಿಸಿದರು. "ಒಂದೇ ಸ್ಥಿತಿ ಮೂರು ಸಲ ಬಂದ್ರೆ ಡ್ರಾ. ಏಳ್ರಪ್ಪಾ ಇಬ್ಬರೂ. ಸೋತವನು ಸುಮ್ಮನೆ ಎದ್ದು ಹೋಗಬಹುದು, ಸಮ ಆದವರು ಎಲ್ಲರೆದುರು ಬಲಗೈ ಕುಲುಕಬೇಕು. ನಮ್ಮ ಕ್ಲಬ್ಬಿನ ಪದ್ಧತಿ."

"ನಾನು ಸೋತೆ ಅಂತ ಬರ್ಕೊಂಡುಬಿಡಿ," ಎಂದ ಮೇಸ್ತ್ರಿ.

"ಆಟ ಮುಗೀತಲ್ಲ ಮಾರಾಯ. ಕೈ ಕೊಡು."

ಕಿವುಡ ಜೇಬಿನಿಂದ ಬಲಗೈ ತೆಗೆದ. ಹೆಬ್ಬೆರಳು, ಅದರ ಪಕ್ಕ ಒಂದು ಬೆರಳು. ಉಳಿದ ಕಡೆ, ಯಂತ್ರದ ಕತ್ತಿಯಡಿ ಹಾದುಬಂದ ಕಾಗದದ ಕಟ್ಟಿನಂತೆ ನೇರವಾದ ಅಂಚು. ಮೇಸ್ತ್ರಿಯ ಕೈಯನ್ನು ಆ ಎರಡು ಬೆರಳು ಹಿಡಿದವು, ಬಿಡಲಿಲ್ಲ.

"ಈಗ ಇವರೆಲ್ಲರ ಮುಂದೆ ಹೇಳಿ ಮೇಸ್ತ್ರಿಗಳೇ, ಕತ್ತಿ ಇಳಿಸೋ ಮುಂಚೆ ಕೂಗಿದ್ರಾ? ಮೆಲ್ಲಗೆ ಹೇಳಿದ್ರೂ ಸಾಕು, ನನಗೆ ಚೆನ್ನಾಗಿ ಕೇಳಿಸುತ್ತೆ."