ಎರಡ್ ಹಾಡಿನವರು

"ಪರಮ್ಯಾ, ಯಾರ ಬಂದಾರ ನೋಡಲೇ," ಎನ್ನುತ್ತ ದುಂಡೇಶ ಮಂಚದ ಪಕ್ಕಕ್ಕೆ ಕುರ್ಚಿ ಎಳೆದುಕೊಂಡ. ಪರಮಾನಂದ ಬಾಯಿ ತೆರೆದ. ತುಟಿ ಅದುರಿತು, ಕೊರಳ ನರ ಉಬ್ಬಿತು, ಆದರೆ "ಅ... ಅ..." ಎಂಬುದರಾಚೆ ಏನೂ ಬರಲಿಲ್ಲ. ಗುರುತು ಸಿಕ್ಕಿದೆ ಎಂಬುದು ಕಣ್ಣಲ್ಲೇ ಕಾಣುತ್ತಿತ್ತು. ಹೆಸರು ಮಾತ್ರ ಹೊರಡಲೊಲ್ಲದು. ಸಿಟ್ಟಿಗೆದ್ದು ಎಡಗೈಯಿಂದ ಹಾಸಿಗೆಯನ್ನು ಗುದ್ದಿ ಗೋಡೆಯ ಕಡೆ ಮುಖ ತಿರುಗಿಸಿದ.

"ಲಕ್ವಾ ಹೊಡದಾಗಿಂದ ಹಿಂಗ ನೋಡ್ರಿ ಅಣ್ಣಾರ," ಎಂದಳು ಅವನ ಹೆಂಡತಿ ಸರಿತಾ. "ಕಾಲು ಸುಧಾರಸಾಕತ್ತೈತಿ. ಮಾತ ಮಾತ್ರ ಬರತೈತೋ ಇಲ್ಲೋ ಹೇಳಾಕ ಬರೂದಿಲ್ಲ ಅಂತಾರ ಡಾಕ್ಟರ್. ನೀರ ಬೇಕಾದ್ರೂ ಕೈಮಾಡಿ ತೋರಸ್ತಾರ. ನನಗ ತಿಳೀಲಿಲ್ಲ ಅಂದ್ರ ಅಳ್ತಾರ."

ಬನಹಟ್ಟಿಯ ಈ ಮನೆಯ ಹೊಸ್ತಿಲು ತುಳಿದು ದುಂಡೇಶನಿಗೆ ವರ್ಷಗಳೇ ಆಗಿದ್ದವು. ಒಂದು ಕಾಲಕ್ಕೆ ಇಬ್ಬರೂ ಒಂದೇ ಶೆಡ್ಡಿನಲ್ಲಿ ಪವರ್‌ಲೂಮ್ ನಡೆಸುತ್ತ, ಅದರ ಸದ್ದನ್ನೇ ತಾಳ ಮಾಡಿಕೊಂಡು ಹಾಡು ಕಟ್ಟಿದವರು. ಮೊದಲ ಕ್ಯಾಸೆಟ್ಟಿನ 'ಕೆಂಪ ಸೀರಿ' ಮತ್ತು 'ಬೀಳಗಿ ಬಸ್ಸ' ಊರೂರು ತಿರುಗಿದವು. ಜಮಖಂಡಿಯಿಂದ ಮುಧೋಳದವರೆಗೆ ಅವನ್ನು ಹಚ್ಚದ ಕಬ್ಬಿನ ಟ್ರ್ಯಾಕ್ಟರ್ ಇರಲಿಲ್ಲ, ಮದುವೆಯ ಮನೆ ಇರಲಿಲ್ಲ. ಆಮೇಲೆ ಏನು ಹಾಡಿದರೂ ಒಂದೂ ಹತ್ತಲಿಲ್ಲ. ವೇದಿಕೆ ಏರಿ ಹೊಸದನ್ನು ಶುರು ಮಾಡಿದರೆ ಸಾಕು, "ಏ, ಮೊದಲ ಬಸ್ ಬಿಡ್ರೋ!" ಎಂಬ ಕೂಗು. 'ಎರಡ್ ಹಾಡಿನವರು' ಎಂಬ ಹೆಸರು ಅಂಟಿಕೊಂಡುಬಿಟ್ಟಿತು. "ನಿನ್ನ ಜೋಡಿ ಕೂಡಿದ್ದಕ್ಕ ನಾ ಎರಡಕ್ಕ ನಿಂತೆ," ಎಂದು ಒಂದು ದಿನ ಪರಮಾನಂದ ಅಂದ. ದುಂಡೇಶ ಎದ್ದುಹೋಗಿ ಮಹಾಲಿಂಗಪುರದ ಬೆಲ್ಲದ ಅಂಗಡಿಯೊಂದರಲ್ಲಿ ಕೆಲಸಕ್ಕೆ ನಿಂತ. ಪರಮಾನಂದ ಒಬ್ಬನೇ ಮೂರನೆಯ ಹಾಡನ್ನು ಹುಡುಕುತ್ತ ಉಳಿದ.

ಈಗ ಆ ಸಿಟ್ಟನ್ನು ಎಲ್ಲಿಡಬೇಕೋ ದುಂಡೇಶನಿಗೆ ತಿಳಿಯಲಿಲ್ಲ. ಹಿಂದಿನ ಓಣಿಯಲ್ಲಿ ಮಗ್ಗವೊಂದು ಖಟಕ್ ಖಟಕ್ ಎನ್ನುತ್ತಿತ್ತು. ಅವನ ಬೆರಳು ತಾನಾಗಿಯೇ ಕುರ್ಚಿಯ ಕೈ ಮೇಲೆ ತಾಳ ಹಿಡಿಯಿತು. ಹಗೂರಕ್ಕೆ ಗುನುಗಿದ: "ಕೆಂಪ ಸೀರಿ ನೇದೇನ ಗೆಳತಿ..." ಅಷ್ಟಕ್ಕೆ ನಿಲ್ಲಿಸಿದ. ಮುಂದಿನ ಸಾಲು ಯಾವಾಗಲೂ ಪರಮಾನಂದನದು.

ಗೋಡೆಯ ಕಡೆಯಿಂದ ಒಡಕು ದನಿ ಬಂತು. "ಅಂಚಿನ್ಯಾಗ ನಿನ್ನ ಹೆಸರ..."

ರೊಟ್ಟಿ ಬಡಿಯಲು ಒಳಗೆ ಹೋಗಿದ್ದ ಸರಿತಾ ಹಿಟ್ಟಿನ ಕೈಯಲ್ಲೇ ಓಡಿಬಂದಳು. ದುಂಡೇಶ ಬಿಡಲಿಲ್ಲ. ಎರಡನೆಯ ನುಡಿ, ಮೂರನೆಯ ನುಡಿ. ಒಂದಕ್ಷರವೂ ತಪ್ಪದೆ ಪರಮಾನಂದ ಜೊತೆಗೆ ಬಂದ. ಅದು ಮುಗಿದದ್ದೇ ಬಸ್ಸಿನ ಹಾಡು. "ಬೀಳಗಿ ಬಸ್ಸ ಹತ್ಯಾಳ ಹುಡುಗಿ, ಕಿಡಕ್ಯಾಗ ಕುಂತ ನಕ್ಕಾಳ!" ಪರಮಾನಂದನ ಸೊಟ್ಟ ತುಟಿಯಲ್ಲೂ ನಗು ಮೂಡಿತು.

"ಈಗ ನನ್ನ ಹೆಸರ ಹೇಳ್ರಿ!" ಎಂದಳು ಸರಿತಾ. ಅವನು ಬಾಯಿ ತೆರೆದ. "ಅ... ಅ..."

ಹಾಡು ನಿಂತ ಕೂಡಲೇ ಮಾತೂ ನಿಂತಿತ್ತು. ದುಂಡೇಶ ಬೇರೆ ಹಾಡುಗಳನ್ನು ಎತ್ತಿ ನೋಡಿದ. ಪರಮಾನಂದ ಜೀವ ತೇಯ್ದು ಕಟ್ಟಿದ್ದ ಹಾಡುಗಳು. ಒಂದರ ಒಂದು ಪದವೂ ಬರಲಿಲ್ಲ.

"ಅವು ಎಲ್ಲಾ ಹೋಗಿ ಈ ಎರಡ ಯಾಕ ಉಳದಾವ ವೈನಿ?"

"ನೀವು ಒಲ್ಲೆ ಒಲ್ಲೆ ಅಂದ್ರೂ ಮಂದಿ ದಿನಾ ಅವನ್ನ ಹಾಡಸ್ತಿದ್ರಲ್ಲರಿ," ಎಂದಳು ಸರಿತಾ, ಸೆರಗಿನಿಂದ ಕಣ್ಣೊರೆಸಿಕೊಂಡು. "ಅದಕ್ಕ ಗಟ್ಟಿ ಕುಂತಾವ. ಮಾತ ಬರದಿದ್ರ ಬಿಡ್ರಿ ಅಣ್ಣಾರ. ಇವರಿಗಿ ಬೇಕಾದ ಮಾತ ಆ ಹಾಡಿನ್ಯಾಗ ತುಂಬ್ರಿ."

ಅಂದಿನಿಂದ ಅಂಗಡಿ ಮುಚ್ಚುತ್ತಲೇ ದುಂಡೇಶನ ಬೈಕು ಬನಹಟ್ಟಿಗೆ ತಿರುಗುತ್ತಿತ್ತು. 'ಗೆಳತಿ' ಇದ್ದಲ್ಲಿ 'ಸರಿತಾ' ಎಂದು ಹಾಕಿದ. ಬಸ್ಸಿನ ಧಾಟಿಗೆ 'ನೀರ ಬೇಕ, ಚಾ ಬೇಕ' ಎಂದು ಕೂಡಿಸಿದ. ಪರಮಾನಂದನ ನಾಲಗೆ ಹಳೆಯ ದಾರಿಗೇ ಹೊರಳುತ್ತಿತ್ತು. 'ಸರಿತಾ' ಎನ್ನಲು ಹೋಗಿ 'ಗೆಳತಿ' ಎನ್ನುತ್ತಿದ್ದ, ತಲೆ ಬಡಿದುಕೊಳ್ಳುತ್ತಿದ್ದ. "ಇನ್ನೊಮ್ಮೆ ಬಾರಲೇ," ಎಂದು ದುಂಡೇಶ ಮತ್ತೆ ಮೊದಲಿನಿಂದ ಹಿಡಿಯುತ್ತಿದ್ದ. ಎಷ್ಟೋ ಸಂಜೆಗಳು ಹೀಗೇ ಕಳೆದವು.

ಒಂದು ಸಂಜೆ ಸರಿತಾ ಕಟ್ಟೆಯ ಮೇಲೆ ಕೂತು ಮೆಂತ್ಯೆ ಸೊಪ್ಪು ಸೋಸುತ್ತಿದ್ದಳು. ಒಳಗಿನಿಂದ ರಾಗ ಬಂತು: "ಕೆಂಪ ಸೀರಿ ನೇದೇನ... ಸರಿತಾ..." ಅವಳು ಸೊಪ್ಪು ಅಲ್ಲೇ ಬಿಟ್ಟು ಒಳಗೆ ಬಂದು, "ಓ, ಇಲ್ಲೇ ಅದೀನ್ರಿ," ಎಂದಳು. ಅವನು ಮತ್ತೊಮ್ಮೆ ಕರೆದ. ಮತ್ತೊಮ್ಮೆ ಓ ಎಂದಳು. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಅಷ್ಟು ಸಲ ಅವನು ಅವಳ ಹೆಸರು ಹಿಡಿದು ಕರೆದಿರಲಿಕ್ಕಿಲ್ಲ.

ದುಂಡೇಶನಿಗೆ ಮೈಮೇಲೆ ಎಚ್ಚರ ಉಳಿಯಲಿಲ್ಲ. ಎದ್ದು ನಿಂತು, ಕೈ ತಟ್ಟಿ, ಓಣಿಗೆಲ್ಲ ಕೇಳುವಂತೆ ಬಸ್ಸಿನ ಹಾಡು ಎತ್ತಿದ. ಒಂದು ಸಾಲು ದಾಟಿರಲಿಲ್ಲ, ಪರಮಾನಂದ ಎಡಗೈ ಎತ್ತಿ ತಡೆದ. ಹುಬ್ಬು ಗಂಟಿಕ್ಕಿದವು. ತುಟಿ ಹುಡುಕಾಡಿತು. ಆಮೇಲೆ ಅದೇ ಧಾಟಿಯಲ್ಲಿ, ಯಾರೂ ಕಲಿಸಿರದ ಸಾಲೊಂದು ತಡವರಿಸುತ್ತ ಹೊರಬಂತು:

"ಎತ್ತರ ಹಿಡದೀ ದುಂಡ್ಯಾ... ಕತ್ತೆ ಹಂಗ ಒದರಬ್ಯಾಡ..."

ದುಂಡೇಶ ಬಾಗಿಲಿಗೆ ಓಡಿ, ದಾರಿಯಲ್ಲಿ ಹೋಗುವವರನ್ನೆಲ್ಲ ನಿಲ್ಲಿಸಿ ಕೂಗತೊಡಗಿದ:

"ಬೈದಾ! ಏ, ಎಲ್ಲಾರೂ ಕೇಳ್ರೋ, ಪರಮ್ಯಾ ನನಗ ಬೈದಾ!"